ಸ್ಮಾರ್ಟ್ ಹೋಮ್‌ಗೆ ಮೊದಲು ಪೈಪ್ ಹಾಕಿಸಿ

ನಮ್ಮಲ್ಲಿ ಮಿನಿ ಪ್ರಾಜೆಕ್ಟ್ ಎಕ್ಸಿಬಿಷನ್ ಅಂದ್ರೆ ಒಂದಾದರೂ ಟೇಬಲ್ ಮೇಲೆ ‘ಹೋಮ್ ಆಟೊಮೇಷನ್’ ಇರಲೇಬೇಕು. ಒಂದು ಇಎಸ್‌ಪಿ8266, ಒಂದು ರಿಲೇ ಬೋರ್ಡ್, ಥರ್ಮಾಕೋಲ್ ಮನೆ. ಫೋನಲ್ಲಿ ಒತ್ತಿದ್ರೆ ಟಕ್ ಅಂತ ಬಲ್ಬ್ ಹತ್ತುತ್ತೆ. ಆಡಿಕೊಳ್ತಿಲ್ಲ, ಅದರಿಂದಲೇ ಎಲ್ಲರೂ ಕಲಿಯೋದು. ಆದರೆ ಥರ್ಮಾಕೋಲ್‌ನ ಬ್ಲೇಡಲ್ಲಿ ಕೊರೆಯಬಹುದು, ಗೋಡೆನ ಕೊರೆಯೋಕಾಗಲ್ಲ. ನಿಜವಾದ ಮನೆಯಲ್ಲಿ ಆಟೊಮೇಷನ್ ಶುರುವಾಗೋದು ಕೋಡ್‌ನಿಂದ ಅಲ್ಲ, ಪೈಪಿನಿಂದ.

ನಮ್ಮ ದೊಡ್ಡಪ್ಪ ತುಮಕೂರಲ್ಲಿ ಮನೆ ಕಟ್ಟಿಸ್ತಿದ್ದಾರೆ. ಪ್ಲಾನ್‌ನಲ್ಲಿ ದೇವರ ಮನೆ ಎಷ್ಟು ಅಡಿ, ಒಲೆ ಯಾವ ದಿಕ್ಕಿಗೆ ಎಲ್ಲಾ ಇದೆ. ರೂಟರ್ ಎಲ್ಲಿಡೋದು ಅಂತ ಮಾತ್ರ ಇಲ್ಲ. ಕೇಳಿದ್ರೆ, “ಈಗೆಲ್ಲಾ ವೈಫೈ ಅಲ್ವೇನೋ, ವೈರ್ ಯಾಕೆ?” ಅಂತಾರೆ.

ಪ್ರಶ್ನೆ ಸರಿಯಾಗೇ ಇದೆ. ಬಾಗಿಲಿನ ಸೆನ್ಸರ್ ವೈರ್‌ಲೆಸ್ ಇರಲಿ, ಬೇಡ ಅಂದೋರು ಯಾರು? ಆದ್ರೆ ಟಿವಿ, ಕ್ಯಾಮೆರಾ, ಸ್ಪೀಕರ್ ಇವೆಲ್ಲ ಇಟ್ಟ ಜಾಗ ಬಿಟ್ಟು ಕದಲಲ್ಲ. ಅವಕ್ಕೆ ಕೇಬಲ್ ಇರೋದೇ ವಾಸಿ. ಕ್ಯಾಟ್6 ಕೇಬಲ್‌ನಲ್ಲಿ ಗಿಗಾಬಿಟ್ ವೇಗ 100 ಮೀಟರ್‌ವರೆಗೆ ಸಿಗುತ್ತೆ, ಯಾವ ಮನೆಗೂ ಧಾರಾಳ. ಪಿಒಇ ಸ್ವಿಚ್ ಇದ್ರೆ ಕ್ಯಾಮೆರಾಗೆ ಕರೆಂಟ್ ಕೂಡ ಅದರಲ್ಲೇ ಹೋಗುತ್ತೆ. ಆರ್‌ಸಿಸಿ ದಾಟಿ ಮಹಡಿಗೆ ಹೋಗೋಷ್ಟರಲ್ಲಿ ವೈಫೈ ಸೊರಗುತ್ತೆ, ಹಾಸ್ಟೆಲಲ್ಲಿ ಇರೋರಿಗೆ ಇದನ್ನ ಹೇಳಬೇಕಾಗಿಲ್ಲ.

ಹೋಮ್ ಥಿಯೇಟರ್ ಆಸೆ ಇದ್ರಂತೂ ಇನ್ನೂ ಜಾಗ್ರತೆ. 5.1 ಸಿಸ್ಟಮ್‌ನಲ್ಲಿ ಎರಡು ಸ್ಪೀಕರ್ ಕೂರೋರ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಬರಬೇಕು. ಟಿವಿ ಎದುರು ಗೋಡೆಯಲ್ಲಿ. ನಡುವೆ ಹಾಲ್ ತುಂಬಾ ವೈರ್ ಎಳೆದು ಮೇಲೆ ಚಾಪೆ ಹಾಸ್ತೀರಾ? ಪ್ಲಾಸ್ಟರಿಂಗ್‌ಗೆ ಮುಂಚೆ ಪೈಪ್ ಹೂತು, ಒಳಗೆ ಒಂದು ದಾರ ಬಿಟ್ಟಿದ್ರೆ ಮುಗೀತು. ಪೈಪ್ ದಪ್ಪ ಇರಬೇಕು, ಮುಕ್ಕಾಲು ಇಂಚಿನ ಪೈಪಿನ ಬೆಂಡಲ್ಲಿ ಎಚ್‌ಡಿಎಂಐ ತಲೆ ತೂರಲ್ಲ. ಕೇಬಲ್ಲನ್ನೇ ಗೋಡೆಯೊಳಗೆ ಹೂತುಬಿಡೋದು ದಡ್ಡತನ. ಎಚ್‌ಡಿಎಂಐ ಮೊದಲ ಆವೃತ್ತಿ ಬಂದಿದ್ದು 2002ರಲ್ಲಿ, 2.1 ಬಂದಿದ್ದು 2017ರಲ್ಲಿ. ಅಷ್ಟರಲ್ಲಿ ಕೇಬಲ್ ಬದಲಾಯ್ತು, ಗೋಡೆ ಹಾಗೇ ಇದೆ. ಹಾಂ, 230 ವೋಲ್ಟ್ ವೈರ್ ಹೋಗೋ ಪೈಪಿನಲ್ಲೇ ಇವನ್ನ ತುರುಕಬೇಡಿ. ಸ್ಪೀಕರಲ್ಲಿ ಗುಂಯ್ ಅನ್ನೋದು ಬಿಡಿ, ಅದು ಅಪಾಯ.

ಇನ್ನು ಸ್ವಿಚ್. ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳಿಗೆ ಲೈಟ್ ಆಫ್ ಇದ್ದಾಗಲೂ ತಮಗೆ ಅಂತ ಕರೆಂಟ್ ಬೇಕು, ಅದಕ್ಕೆ ನ್ಯೂಟ್ರಲ್ ಬೇಕು. ಸಾಕೆಟ್ ಇರೋ ಬೋರ್ಡ್‌ಗೆ ನ್ಯೂಟ್ರಲ್ ಬಂದೇ ಇರುತ್ತೆ. ಮೆಟ್ಟಿಲ ಹತ್ತಿರ, ಮಂಚದ ಪಕ್ಕ ಇರೋ ಬರೀ ಸ್ವಿಚ್ ಬಾಕ್ಸ್‌ಗೆ ಎಷ್ಟೋ ಸಲ ಎಳೆದಿರೋದೇ ಇಲ್ಲ. ವೈರಿಂಗ್ ಮಾಡೋವಾಗ ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಹೇಳಿದ್ರೆ ಕೆಲವು ಮೀಟರ್ ವೈರ್ ಖರ್ಚು, ಅಷ್ಟೇ. ಗೃಹಪ್ರವೇಶ ಆದ್ಮೇಲೆ ನೆನಪಾದ್ರೆ ಪುಟ್ಟಿ, ಪೇಂಟ್, ಬೈಗುಳ ಎಲ್ಲಾ ಸೇರುತ್ತೆ. ಕರೆಂಟ್ ಹೋಗಿ ರಾತ್ರಿ ಎರಡು ಗಂಟೆಗೆ ಬಂದಾಗ ಲೈಟ್ ಆನ್ ಆಗಬೇಕಾ, ಆಫ್ ಇರಬೇಕಾ ಅಂತಾನೂ ಸೆಟ್ ಮಾಡಿಕೊಳ್ಳಿ. ರೂಟರ್ ಯುಪಿಎಸ್ ಲೈನಲ್ಲಿರಲಿ.

ನನಗೆ ಅತಿ ಮುಖ್ಯ ಅನ್ನಿಸೋದು ಬೇರೆ. ಆ್ಯಪ್ ಸತ್ತರೂ ಗೋಡೆ ಮೇಲಿನ ಸ್ವಿಚ್ ಕೆಲಸ ಮಾಡಬೇಕು. ಅಮೆರಿಕದಲ್ಲಿ ಸುಮಾರು 300 ಡಾಲರ್ ಬೆಲೆಯ ರಿವಾಲ್ವ್ ಹಬ್ 2016ರ ಮೇನಲ್ಲಿ ಬಂದ್ ಆಯ್ತು. ಅದರ ಕಂಪನಿಯನ್ನ ನೆಸ್ಟ್ ಕೊಂಡುಕೊಂಡಿತ್ತು, ಆಮೇಲೆ ಸರ್ವರ್ ನಿಲ್ಲಿಸಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರ್‌ಗಳು ಹೇಳದೆ ಕೇಳದೆ ನಿಂತವು. ಆಮೇಲೆ ಬಳಕೆದಾರರೇ ಕೆಲವರು ಸೇರಿ ಕಂಪನಿ ಕೊಂಡು ಮತ್ತೆ ಶುರು ಮಾಡಿದ್ರು, ಆದ್ರೆ ಎಲ್ಲರಿಗೂ ಆ ಅದೃಷ್ಟ ಎಲ್ಲಿ? ಅದಕ್ಕೇ ನಾನು ಹೋಮ್ ಅಸಿಸ್ಟೆಂಟ್ ಪಾರ್ಟಿ. ಓಪನ್ ಸೋರ್ಸ್, ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ ಮೇಲೆ ಓಡುತ್ತೆ. ಲೋಕಲ್ ಆಗಿ ಕೆಲಸ ಮಾಡೋ ಸ್ವಿಚ್ ಆರಿಸಿಕೊಂಡ್ರೆ ಇಂಟರ್ನೆಟ್ ಹೋದ್ರೂ ಲೈಟ್ ಹತ್ತುತ್ತೆ. ಕಲಿಯೋಕೆ ಒಂದೆರಡು ವಾರಾಂತ್ಯ ಹಾಳಾಗುತ್ತೆ ಅನ್ನೋದೂ ನಿಜ. ಅಜ್ಜಿಗೆ ಇದ್ಯಾವುದೂ ಗೊತ್ತಿರಬೇಕಾಗಿಲ್ಲ. ಕತ್ತಲಲ್ಲಿ ಕೈ ತಡವರಿಸಿದ ಕಡೆ ಸ್ವಿಚ್ ಸಿಕ್ಕರೆ ಸಾಕು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಕಟ್ಟಡ ನಡೀತಿದ್ರೆ ಈ ಭಾನುವಾರವೇ ಹೋಗಿ. ತಾರಸಿ ಮೋಲ್ಡ್ ಹಾಕೋಕೆ ಮುಂಚೆ ಒಂದು ಸಲ, ಪ್ಲಾಸ್ಟರಿಂಗ್‌ಗೆ ಮುಂಚೆ ಇನ್ನೊಂದು ಸಲ. ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೀರಿ, ಪೈಪ್ ನೆಲದಿಂದ ಎಷ್ಟು ಎತ್ತರದಲ್ಲಿ ಓಡಿದೆ ಅಂತ ಕಾಣಬೇಕು. ಮುಂದೆ ಟಿವಿ ಸ್ಟ್ಯಾಂಡ್‌ಗೆ ಡ್ರಿಲ್ ಹಾಕೋರಿಗೆ ಆ ಫೋಟೋ ಬೇಕಾಗುತ್ತೆ.