ಬೆರಳು ಕಾಯುವ ಪಟ್ಟಿಯನ್ನು ಬಿಚ್ಚಿಡಬೇಡಿ

ಮನೆಗೆ ಹೊಸ ಟೇಬಲ್ ಸಾ ತಂದವರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಅದರ ಒಂದು ಭಾಗವನ್ನು ಬಿಚ್ಚಿ ಡಬ್ಬಿಗೆ ಹಾಕಿಬಿಡುತ್ತಾರೆ. ಗರಗಸದ ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಲ್ಲುವ ಉಕ್ಕಿನ ತೆಳು ಪಟ್ಟಿ ಅದು. ಹೆಸರು ರೈವಿಂಗ್ ನೈಫ್. ಅದರ ಮೇಲಿನ ಪ್ಲಾಸ್ಟಿಕ್ ಕವಚವೂ ಜೊತೆಗೆ ಹೋಗುತ್ತದೆ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ನಾನು ಯಂತ್ರ ಕೊಂಡಾಗ ಅಂಗಡಿಯವರೂ ಇದನ್ನೇ ಹೇಳಿದರು: 'ನಿಕಾಲ್ ಡಾಲೊ ಸಾಬ್, ಕಾಮ್ ಮೇ ಅಡ್ಡ ಆತಾ.' ಈ ಸಲಹೆ ಎಷ್ಟು ಅಪಾಯಕಾರಿ ಎಂಬುದನ್ನು ಹೈದರಾಬಾದಿನಲ್ಲಿ ಮನೆ ಕೊಂಡು ಇಂಟೀರಿಯರ್ ಮಾಡಿಸುತ್ತಿರುವ ನಮ್ಮ ಕನ್ನಡಿಗರೆಲ್ಲ ತಿಳಿಯಬೇಕು.

ಮೊದಲು ಲೆಕ್ಕ ನೋಡಿ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,800 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿ.ಮೀ. ಮುಂಭಾಗದ ಹಲ್ಲುಗಳು ಮರವನ್ನು ಮೇಜಿನತ್ತ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತಿರುತ್ತವೆ. ಸೀಳಿದ ಮರ ಒಳಗಿನ ಬಿಗಿತಕ್ಕೆ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿದರೆ, ಅಥವಾ ತುಸು ವಾರೆಯಾಗಿ ಹಿಂದಿನ ಹಲ್ಲಿಗೆ ತಾಗಿದರೆ, ಆ ಹಲ್ಲುಗಳು ಮರವನ್ನು ಎತ್ತಿ ನಿಂತವನ ಹೊಟ್ಟೆಯತ್ತ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ಮರ ಹಾರಿದಾಗ ಅದನ್ನು ಒತ್ತಿ ಹಿಡಿದಿದ್ದ ಕೈ ಆಸರೆ ತಪ್ಪಿ ಬ್ಲೇಡಿನ ಮೇಲೆ ಬೀಳುತ್ತದೆ. ಸೀಳು ಕೂಡಿಕೊಳ್ಳದಂತೆ, ಮರ ಹಿಂದಿನ ಹಲ್ಲಿಗೆ ತಾಗದಂತೆ ತಡೆಯುವುದೇ ಆ ಪಟ್ಟಿಯ ಕೆಲಸ.

ಹಾಗಿದ್ದರೂ ಜನ ಏಕೆ ಬಿಚ್ಚುತ್ತಾರೆ? ಯಂತ್ರವನ್ನು ಜೋಡಿಸುವಾಗ ಎದುರಾಗುವ ಸಣ್ಣ ತೊಂದರೆಗಳಲ್ಲೇ ಉತ್ತರವಿದೆ. ಯಂತ್ರದ ಜೊತೆ ಬಂದ ಬ್ಲೇಡು ಮೊಂಡಾದಾಗ ಮಾರುಕಟ್ಟೆಯಲ್ಲಿ ಸಿಕ್ಕ ಅಗ್ಗದ ತೆಳು ಬ್ಲೇಡು ಹಾಕುತ್ತೇವೆ. ಆ ಬ್ಲೇಡು ಕೊರೆಯುವ ಸೀಳು ಪಟ್ಟಿಗಿಂತ ಕಿರಿದಾಗಿರುತ್ತದೆ. ಮರ ಅರ್ಧಕ್ಕೆ ಬಂದು ಪಟ್ಟಿಗೆ ಸಿಕ್ಕಿ ನಿಲ್ಲುತ್ತದೆ. 'ಪಟ್ಟಿಯೇ ಅಡ್ಡ' ಎಂದು ಅದನ್ನು ತೆಗೆಯುತ್ತೇವೆ. ನಿಜದಲ್ಲಿ ಬದಲಿಸಬೇಕಾದದ್ದು ಬ್ಲೇಡು. ಪಟ್ಟಿ ಬ್ಲೇಡಿನ ಒಡಲಿಗಿಂತ ತುಸು ದಪ್ಪ, ಸೀಳಿಗಿಂತ ತುಸು ತೆಳು ಇರಬೇಕು. ಪಟ್ಟಿಯ ಮೇಲೆ ಅದರ ದಪ್ಪವನ್ನು ಸಾಮಾನ್ಯವಾಗಿ ಕೊರೆದಿರುತ್ತಾರೆ. ಅದನ್ನು ಬರೆದುಕೊಂಡು ಅಂಗಡಿಗೆ ಹೋದರೆ ಸಾಕು.

ಉಳಿದ ತೊಂದರೆಗಳೂ ಹೀಗೆಯೇ, ಕಾರಣ ಹಿಡಿದರೆ ಬಗೆಹರಿಯುತ್ತವೆ. ಗುಂಡಿ ಒತ್ತಿದೊಡನೆ ಎಂಸಿಬಿ ಬೀಳುತ್ತಿದೆಯೇ? 2,000 ವಾಟಿನ ಮೋಟಾರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಬಾಲ್ಕನಿಯ 6 ಆಂಪಿಯರ್ ಪಾಯಿಂಟು ಅದಕ್ಕೆ ಸಾಲದು. ಎಲೆಕ್ಟ್ರೀಷಿಯನ್‌ನಿಂದ 16 ಆಂಪಿಯರ್ ಪಾಯಿಂಟು ಹಾಕಿಸಿ. ಹಳೆಯ ಸಣ್ಣ ವೈರಿಗೇ ದೊಡ್ಡ ಎಂಸಿಬಿ ಹಾಕಿಸಿದರೆ ಬೆಂಕಿಗೆ ಆಹ್ವಾನ. ಕತ್ತರಿಸಿದ ಅಂಚು ಸುಟ್ಟು ಕಪ್ಪಾಗುತ್ತಿದೆಯೇ? ಬ್ಲೇಡು ಮೊಂಡಾಗಿರಬೇಕು, ಇಲ್ಲವೇ ಫೆನ್ಸು ಬ್ಲೇಡಿಗೆ ಸಮಾನಾಂತರವಾಗಿಲ್ಲ. ಪ್ಲಗ್ ಕಿತ್ತು, ಒಂದು ಹಲ್ಲಿಗೆ ಪೆನ್ನಿನ ಗುರುತು ಹಾಕಿ, ಮೇಜಿನ ಗಾಡಿಯಿಂದ ಆ ಹಲ್ಲಿಗಿರುವ ಅಂತರವನ್ನು ಮುಂದೊಮ್ಮೆ, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಇನ್ನೊಮ್ಮೆ ಅಳೆಯಿರಿ. ವ್ಯತ್ಯಾಸ ಒಂದು ಕಾಗದದ ದಪ್ಪಕ್ಕಿಂತ ಹೆಚ್ಚಿದ್ದರೆ ಬೋಲ್ಟು ಸಡಿಲಿಸಿ ಸರಿಪಡಿಸಿ. ಆಮೇಲೆ ಫೆನ್ಸನ್ನೂ ಅದೇ ಗಾಡಿಗೆ ಹೊಂದಿಸಿ. ಅರ್ಧ ದಿನದ ಕೆಲಸ. ಕಿಕ್‌ಬ್ಯಾಕಿನ ಒಂದು ದೊಡ್ಡ ಕಾರಣವೂ ಅದರೊಂದಿಗೆ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನನ್ನಂಥ ಹವ್ಯಾಸಿಗಳಿಗೆ. ನನಗೆ ಭಾನುವಾರ ಎರಡು ತಾಸಿನ ಮರಗೆಲಸ. ಯಂತ್ರಕ್ಕೆ ಕವಚವಿದೆ, ಕಂಪನಿಯ ಆರೋಗ್ಯ ವಿಮೆ ಇದೆ. ನಿಜವಾದ ಅಪಾಯ ಇರುವುದು ನಮ್ಮದೇ ಫ್ಲಾಟಿನ ಹಾಲಿನಲ್ಲಿ ದಿನಕ್ಕೆ ಹತ್ತು ತಾಸು ಪ್ಲೈವುಡ್ ಕೊಯ್ಯುವವನಿಗೆ.

ತೆಲ್ಲಾಪುರ, ನಲ್ಲಗಂಡ್ಲ, ನಿಜಾಂಪೇಟೆಯ ಯಾವುದೇ ಹೊಸ ಅಪಾರ್ಟ್‌ಮೆಂಟಿಗೆ ಹೋಗಿ ನೋಡಿ. ಕಲ್ಲು ಕತ್ತರಿಸುವ 4 ಇಂಚಿನ ಮಾರ್ಬಲ್ ಕಟರನ್ನು ಮರದ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಹಲಗೆಯ ಸೀಳಿನಿಂದ ಬ್ಲೇಡು ಮೇಲೆ ಬರುವಂತೆ ಮಾಡಿರುತ್ತಾರೆ. ಅದೇ ಅವರ ಟೇಬಲ್ ಸಾ. ಪಟ್ಟಿ ಇಲ್ಲ, ಕವಚ ಇಲ್ಲ. ಸ್ವಿಚ್ಚು ಹಲಗೆಯ ಅಡಿಯಲ್ಲಿ, ಸದಾ ಆನ್. ವೇಗ ನಿಮಿಷಕ್ಕೆ ಹನ್ನೆರಡು, ಹದಿಮೂರು ಸಾವಿರ ಸುತ್ತು. ನಮ್ಮ ಕಲಬುರಗಿ ಕಡೆ ಬಡಿಗೇರರ ಕೈಗರಗಸ ಜಾರಿದರೆ ಗಾಯವಾಗಿ ಅರಿಸಿನ ಮೆತ್ತುತ್ತಿದ್ದರು. ಇಲ್ಲಿ ಜಾರಿದರೆ ಬೆರಳೇ ಇರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಅಪಾಯಕಾರಿ ಯಂತ್ರಭಾಗಗಳಿಗೆ ರಕ್ಷಣೆ ಕಡ್ಡಾಯ ಮಾಡಿತು. ಅದರಡಿ ರಾಜ್ಯಗಳು ಮಾಡಿದ ನಿಯಮಗಳಲ್ಲಿ ವೃತ್ತಗರಗಸದ ಹಿಂದೆ ರೈವಿಂಗ್ ನೈಫ್ ಇರಬೇಕೆಂದೇ ಬರೆದಿದೆ. ಆದರೆ ವಿದ್ಯುತ್ ಬಳಸುವಲ್ಲಿ 10 ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ನಮ್ಮ ಹಾಲಿನಲ್ಲಿ ಕೆಲಸ ಮಾಡುವವರು ಮೂವರೋ ನಾಲ್ವರೋ. ಯಾವ ಇನ್‌ಸ್ಪೆಕ್ಟರೂ ಅಲ್ಲಿಗೆ ಬರುವುದಿಲ್ಲ.

ಅಮೆರಿಕದಲ್ಲಿ ಟೇಬಲ್ ಸಾ ಗಾಯಕ್ಕೆ ವರ್ಷಕ್ಕೆ ಸುಮಾರು 30,000 ಜನ ತುರ್ತು ಚಿಕಿತ್ಸೆಗೆ ಹೋಗುತ್ತಾರೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಅಂದಾಜಿಸಿದೆ. ಚರ್ಮ ತಾಗಿದ ಕೂಡಲೇ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲಿಸುವ 'ಸಾಸ್ಟಾಪ್' ತಂತ್ರವನ್ನು ಸ್ಟೀವ್ ಗ್ಯಾಸ್ ಕಂಡುಹಿಡಿದು ಎರಡು ದಶಕ ದಾಟಿದೆ. ಅದನ್ನು ಕಡ್ಡಾಯ ಮಾಡಬೇಕೇ ಎಂಬ ಚರ್ಚೆ ಅಲ್ಲಿ ವರ್ಷಗಟ್ಟಲೆ ನಡೆಯಿತು. ನಾನು ಅಷ್ಟು ದುಬಾರಿಯದ್ದನ್ನು ಕೇಳುತ್ತಿಲ್ಲ. ಒಂದು ಉಕ್ಕಿನ ಪಟ್ಟಿ, ಒಂದು ಕವಚ, ಕೈಗೆಟಕುವ ಸ್ವಿಚ್ಚು, ಮರ ತಳ್ಳಲು ಒಂದು ಕೋಲು. ಇಷ್ಟೇ.

'ಇಪ್ಪತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ' ಎಂದು ಮೇಸ್ತ್ರಿ ಹೇಳುತ್ತಾನೆ. ಆದವರು ಕೆಲಸ ಬಿಟ್ಟು ಊರಿಗೆ ಹೋಗಿರುತ್ತಾರೆ, ಹೇಳಲು ಅಲ್ಲಿರುವುದಿಲ್ಲ. ಚದರಡಿ ಲೆಕ್ಕದಲ್ಲಿ ಕೂಲಿ ಕಟ್ಟಿ, ಗೃಹಪ್ರವೇಶದ ಮುಹೂರ್ತ ಹೇಳಿ ಅವಸರ ಮಾಡುವವರು ನಾವೇ. ಮಾರ್ಬಲ್ ಕಟರು ಎರಡು ಮೂರು ಸಾವಿರಕ್ಕೆ ಸಿಗುತ್ತದೆ, ಕವಚವಿರುವ ಟೇಬಲ್ ಸಾಗೆ ಹತ್ತಾರು ಸಾವಿರ ಬೇಕು. ಲಕ್ಷಗಟ್ಟಲೆ ಇಂಟೀರಿಯರ್‌ಗೆ ಸುರಿಯುವ ನಾವು ಆ ವ್ಯತ್ಯಾಸವನ್ನು ಬಡಗಿಯ ಹೆಗಲಿಗೆ ಹಾಕುವುದು ನ್ಯಾಯವಲ್ಲ.

ಇಂಟೀರಿಯರ್ ಕೆಲಸ ಶುರು ಮಾಡುವ ಮುನ್ನ ನಿವಾಸಿಗಳ ಸಂಘಗಳು ಒಂದು ಫಾರ್ಮ್ ತುಂಬಿಸಿ ಡಿಪಾಸಿಟ್ ಕಟ್ಟಿಸಿಕೊಳ್ಳುತ್ತವೆ. ಯಾವ ಲಿಫ್ಟ್ ಬಳಸಬೇಕು, ಎಷ್ಟು ಹೊತ್ತಿಗೆ ಸದ್ದು ನಿಲ್ಲಬೇಕು ಎಂದೆಲ್ಲ ಅದರಲ್ಲಿದೆ. ಮೂರು ಸಾಲು ಸೇರಿಸೋಣ: ತಲೆಕೆಳಗು ಮಾಡಿದ ಕಟರ್‌ಗೆ ಅನುಮತಿ ಇಲ್ಲ, ಗರಗಸಕ್ಕೆ ರೈವಿಂಗ್ ನೈಫ್ ಮತ್ತು ಕವಚ ಇರಬೇಕು, ದೊಡ್ಡ ಹಾಳೆಗಳನ್ನು ಪ್ಯಾನೆಲ್ ಸಾ ಇರುವ ಕಡೆ ಅಳತೆಗೆ ಕೊಯ್ಯಿಸಿಯೇ ತರಬೇಕು. ಗುತ್ತಿಗೆದಾರನ ಕೊಟೇಶನ್ನಿನಲ್ಲೂ ಇದನ್ನೇ ಬರೆಸಿ, ಅದರ ಹಣ ಕೊಡಿ.

ನಮ್ಮ ಸಂಘದ ಮುಂದಿನ ಸಭೆಗೆ ಈ ಮೂರು ಸಾಲನ್ನು ಬರೆದು ಕೊಟ್ಟಿದ್ದೇನೆ. ನಿಮ್ಮ ಸಂಘಕ್ಕೆ ನೀವು ಕೊಡಿ. ಸಂಜೆಯ ಸದ್ದು ನಮ್ಮ ಕಿವಿಗೆ ತಾಗಬಾರದೆಂದು ನಿಯಮ ಮಾಡಲು ನಮಗೆ ಬಂದಿದೆ. ಬಡಗಿಯ ಬೆರಳಿಗೂ ಒಂದು ನಿಯಮ ಮಾಡಲು ಬರಬೇಕು.