ಶಿಕ್ಷೆ ಮುಗಿಸಿದ ಪರದೇಶಿಗೆ ವಕೀಲರು ಬೇಡವೇ?

2024ರ ನವೆಂಬರ್‌ನಲ್ಲಿ ಚಿತ್ರದುರ್ಗ ನಗರದಲ್ಲಿ ಆರು ಮಂದಿ ಬಂಧಿತರಾದರು. ನಕಲಿ ದಾಖಲೆಗಳೊಂದಿಗೆ ನೆಲೆಸಿದ್ದ ಬಾಂಗ್ಲಾದೇಶೀಯರೆಂಬುದು ಅವರ ಮೇಲಿನ ಆರೋಪವಾಗಿತ್ತು. ಆ ವಾರ ಜುಮಾ ನಮಾಝ್ ಮುಗಿಸಿ ಹೊರಬರುವಾಗ ಹಿರಿಯರೊಬ್ಬರು ನನ್ನ ಕೈ ಹಿಡಿದು, "ಹಜ್ರತ್, ಈ ಮಾತನ್ನು ಬಯಾನಿನಲ್ಲಿ ಎತ್ತಬೇಡಿ. ನಮ್ಮ ಮೇಲೂ ಕಣ್ಣು ಬೀಳುತ್ತದೆ" ಎಂದರು. ಅವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಕುಟುಂಬಗಳೂ ಇಂದು ತಾತನ ಕಾಲದ ಪಹಣಿ, ಶಾಲೆಯ ವರ್ಗಾವಣೆ ಪತ್ರಗಳನ್ನು ಹುಡುಕಿ ತೆಗೆದಿಟ್ಟುಕೊಳ್ಳುತ್ತಿವೆ. ಆದರೂ ಆ ದಿನ ನಾನು ಸುಮ್ಮನಾದದ್ದು ಸರಿಯಲ್ಲವೆಂದು ಈಗ ಅನ್ನಿಸುತ್ತಿದೆ.

ಅಕ್ರಮವಾಗಿ ಗಡಿ ದಾಟಿದವನನ್ನು ಶಿಕ್ಷಿಸುವ ಅಧಿಕಾರ ದೇಶಕ್ಕಿದೆ, ಅದರಲ್ಲಿ ತಕರಾರಿಲ್ಲ. 1946ರ ವಿದೇಶಿಯರ ಕಾಯ್ದೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವನಿಗೆ ಐದು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ಅದು ವಿಧಿಸುತ್ತದೆ. ನನ್ನ ಪ್ರಶ್ನೆ ಆ ಸೆರೆವಾಸ ಮುಗಿದ ಮರುದಿನದ್ದು. ಅವನನ್ನು ಮರಳಿ ಕಳುಹಿಸಬೇಕಾದರೆ ಅವನ ದೇಶವು "ಇವನು ನಮ್ಮವನು" ಎಂದು ಒಪ್ಪಬೇಕು. ಆ ಒಪ್ಪಿಗೆ ಬರುವವರೆಗೆ ಅವನು ಮತ್ತೆ ಗೋಡೆಗಳ ನಡುವೆಯೇ ಇರಬೇಕು. ಕರ್ನಾಟಕದಲ್ಲಿ ಅಂಥವರಿಗಾಗಿ ನೆಲಮಂಗಲ ತಾಲೂಕಿನ ಸೊಂಡೆಕೊಪ್ಪದಲ್ಲಿ ಬಂಧನ ಕೇಂದ್ರವಿದೆ. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿತ್ತು. ಹಿರಿಯೂರಿನಿಂದ ಬೆಂಗಳೂರಿಗೆ ಹೋಗುವ ನಾವೆಲ್ಲರೂ ನೆಲಮಂಗಲವನ್ನು ದಾಟಿಯೇ ಹೋಗುತ್ತೇವೆ.

ಕೇಂದ್ರ ಸರಕಾರದ 2009ರ ಸುತ್ತೋಲೆಯ ಪ್ರಕಾರ ಪರಿಶೀಲನೆ ಮತ್ತು ಗಡೀಪಾರು 30 ದಿನಗಳಲ್ಲಿ ಮುಗಿಯಬೇಕಾಗಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸುತ್ತೋಲೆಯನ್ನೇ ಮುಂದಿಟ್ಟುಕೊಂಡು, ಶಿಕ್ಷೆಯ ಅವಧಿ ಪೂರೈಸಿದ ಬಳಿಕವೂ ಬಾಂಗ್ಲಾದೇಶೀಯರನ್ನು ಏಕೆ ಕೂಡಿಡಲಾಗಿದೆಯೆಂದು ಸರಕಾರವನ್ನು ಪ್ರಶ್ನಿಸಿತು. ಆ ಆದೇಶದಲ್ಲಿ ಸುಮಾರು 850 ಮಂದಿಯ ಉಲ್ಲೇಖವಿದೆ. ಈ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದದ್ದು ಯಾರೋ ಅವರ ಪರವಾಗಿ ಅರ್ಜಿ ಹಾಕಿದ್ದರಿಂದ.

ಮದ್ಯಪಾನ ಮಾಡಿದ ಒಬ್ಬನನ್ನು ಪ್ರವಾದಿವರ್ಯರ(ಸ) ಬಳಿಗೆ ತಂದು ಶಿಕ್ಷಿಸಿದ ಘಟನೆ ಸಹೀಹ್ ಬುಖಾರಿಯಲ್ಲಿದೆ. ಶಿಕ್ಷೆ ಮುಗಿದ ನಂತರ ಯಾರೋ ಅವನನ್ನು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದರು. ಅವನ ವಿರುದ್ಧ ಸೈತಾನನಿಗೆ ನೆರವಾಗಬಾರದೆಂದು ತಿಳಿಸಿದರು. ಏಟು ಬಿದ್ದ ಮೇಲೆ ಒಂದು ಶಾಪದ ಮಾತನ್ನೂ ಹೆಚ್ಚಿಗೆ ಸೇರಿಸಲು ಒಪ್ಪದ ಧರ್ಮವು, ತೀರ್ಪಿನಲ್ಲಿಲ್ಲದ ವರ್ಷಗಳನ್ನು ಸೇರಿಸುವುದನ್ನು ಒಪ್ಪೀತೇ?

"ಅಪರಾಧಿಯ ಪರ ವಾದಿಸುವುದು ಪಾಪವಲ್ಲವೇ?" ಎಂದು ಕೇಳುವವರಿದ್ದಾರೆ. ಅವರು ಸೂರಃ ಅನ್ನಿಸಾದ 105ನೇ ಸೂಕ್ತವನ್ನು ಮುಂದಿಡುತ್ತಾರೆ. ವಂಚಕರ ಪರ ವಾದಿಸಬಾರದೆಂದು ಅದು ಆಜ್ಞಾಪಿಸುತ್ತದೆ. ಆದರೆ ಅದರ ಹಿನ್ನೆಲೆಯನ್ನೂ ನೋಡಬೇಕು. ತಫ್ಸೀರ್‌ಗಳಲ್ಲಿ ಬರುವಂತೆ ಮದೀನಾದಲ್ಲಿ ಒಂದು ಕವಚ ಕಳವಾಯಿತು. ಕದ್ದವನ ಮನೆತನದವರು ತಮ್ಮವನನ್ನು ಉಳಿಸಲು ಆರೋಪವನ್ನು ಒಬ್ಬ ಯಹೂದಿಯ ತಲೆಗೆ ಕಟ್ಟಿದರು. ಆಗ ಅವತೀರ್ಣಗೊಂಡ ಸೂಕ್ತಗಳು ಆ ಯಹೂದಿಯನ್ನು ಆರೋಪದಿಂದ ಮುಕ್ತಗೊಳಿಸಿದವು. ಅಂದರೆ ಅಲ್ಲಿ ನಿಷಿದ್ಧವಾದದ್ದು ಸುಳ್ಳಿನ ವಾದ, ನಮ್ಮವನೆಂಬ ಪಕ್ಷಪಾತ. ಈ ಅಳತೆಯಲ್ಲಿ ನಕಲಿ ಆಧಾರ್ ಮಾಡಿಸಿಕೊಡುವ ಮಧ್ಯವರ್ತಿಯೂ, ಅರ್ಧ ಕೂಲಿಗೆ ದುಡಿಸಿಕೊಂಡು ಬಂಧನವಾದೊಡನೆ ಕೈತೊಳೆದುಕೊಳ್ಳುವ ಧಣಿಯೂ ವಂಚಕರೇ. ಅವರಲ್ಲಿ ನಮ್ಮವರೂ ಇರಬಹುದು. (ವಕೀಲ, ಜಾಮೀನು, ಖೈದಿ, ಈ ಮೂರೂ ಪದಗಳು ಅರಬಿಯಿಂದ ಕನ್ನಡಕ್ಕೆ ಬಂದವು. ಕೊನೆಯದೊಂದೇ ನಮ್ಮ ಜನರ ಬಾಯಲ್ಲಿ ಬೇಗನೆ ಬರುತ್ತದೆ!)

ವಕೀಲರ ಒಂದು ಮಾತು ಮನುಷ್ಯನ ಬದುಕನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಸಾಕ್ಷಿ. ಹೊಂಡುರಾಸ್ ಮೂಲದ ಹೋಸೆ ಪಡಿಯಾ ಎಂಬ ಲಾರಿ ಚಾಲಕರು ನಲವತ್ತು ವರ್ಷಗಳಿಂದ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರು, ವಿಯೆಟ್ನಾಂ ಯುದ್ಧದಲ್ಲಿ ಆ ದೇಶದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದರು. ಲಾರಿಯಲ್ಲಿ ಗಾಂಜಾ ಸಾಗಿಸಿದ ಪ್ರಕರಣದಲ್ಲಿ, ಇಷ್ಟು ವರ್ಷ ಇದ್ದವರಿಗೆ ಗಡೀಪಾರಿನ ಚಿಂತೆ ಬೇಡವೆಂಬ ವಕೀಲರ ಮಾತು ನಂಬಿ ತಪ್ಪೊಪ್ಪಿಕೊಂಡರು. ಆ ತಪ್ಪೊಪ್ಪಿಗೆಯೇ ಗಡೀಪಾರಿಗೆ ದಾರಿಯಾಯಿತು. ಒಪ್ಪಿಕೊಳ್ಳುವ ಮುನ್ನವೇ ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಹೊಣೆಯೆಂದು 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸೌದಿಯಲ್ಲಿ, ದುಬೈಯಲ್ಲಿ ದುಡಿಯುವ ನಮ್ಮ ಮಕ್ಕಳೂ ಅಲ್ಲಿ ಪರದೇಶಿಗಳೇ. ಅರ್ಥವಾಗದ ಭಾಷೆಯ ಕಾಗದಕ್ಕೆ ಅವರು ಸಹಿ ಹಾಕುವಾಗ ಪಕ್ಕದಲ್ಲಿ ಒಬ್ಬರು ಇರಲಿ ಎಂದು ಯಾವ ತಾಯಿ ತಾನೇ ಬಯಸುವುದಿಲ್ಲ?

ನಮ್ಮಲ್ಲಿ ಅಪಾಯ ಇನ್ನೂ ಆಳವಾದುದು. ತಾನು ವಿದೇಶಿಯಲ್ಲವೆಂದು ಸಾಬೀತುಪಡಿಸುವ ಹೊರೆಯನ್ನು ಕಾನೂನು ಆರೋಪಿಯ ಮೇಲೆಯೇ ಹಾಕಿದೆ. ಪಶ್ಚಿಮ ಬಂಗಾಳದ ಬರ್ಧಮಾನ್ ಜಿಲ್ಲೆಯ ದಂಪತಿಗಳು 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಬಾಂಗ್ಲಾದೇಶೀಯರೆಂಬ ಶಂಕೆಯ ಮೇಲೆ ಬಂಧಿತರಾದರು. ಜಾಮೀನಿನ ಮೇಲೆ ಹೊರಬರುವಷ್ಟರಲ್ಲಿ ಎಳೆಯ ಮಗುವಿನೊಂದಿಗೆ 301 ದಿನಗಳನ್ನು ಜೈಲಿನಲ್ಲಿ ಕಳೆದಿದ್ದರು. ಅವರು ಹಿಂದೂಗಳು. ಇದು ಒಂದು ಸಮುದಾಯದ ಸಂಕಟವಷ್ಟೇ ಎಂದು ಭಾವಿಸಿರುವವರಿಗಾಗಿ ಇದನ್ನು ಹೇಳುತ್ತಿದ್ದೇನೆ. ಬೇಗ ಬಿಡುಗಡೆಯಾಗಲೆಂದು ಅಂಥವರು "ಹೌದು" ಎಂದು ಒಪ್ಪಿಬಿಟ್ಟಿದ್ದರೆ?

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12, ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ಕಾನೂನು ನೆರವಿನ ಹಕ್ಕನ್ನು ಕೊಟ್ಟಿದೆ. ಅವನು ಭಾರತೀಯನೇ ಎಂದು ಅದು ಕೇಳುವುದಿಲ್ಲ. ಮುಂಬೈ ದಾಳಿಯ ಕಸಬ್‌ನಿಗೂ ಈ ದೇಶ ವಕೀಲರನ್ನು ಒದಗಿಸಿತ್ತು. ಸಂವಿಧಾನದ 21ನೇ ವಿಧಿಯ ರಕ್ಷಣೆ ವಿದೇಶಿಯರಿಗೂ ಉಂಟೆಂದು ಸುಪ್ರೀಂ ಕೋರ್ಟ್ 1996ರ ಚಕ್ಮಾ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಸೂರಃ ಅತ್ತೌಬಾದ 6ನೇ ಸೂಕ್ತವಂತೂ, ಯುದ್ಧದ ಸಂದರ್ಭದಲ್ಲಿ ಅಭಯ ಕೋರಿ ಬಂದ ಬಹುದೇವಾರಾಧಕನನ್ನು ಕೂಡಾ ಅವನ ಸುರಕ್ಷಿತ ಸ್ಥಳಕ್ಕೆ ತಲುಪಿಸಬೇಕೆಂದು ಆದೇಶಿಸುತ್ತದೆ. ಕಳುಹಿಸುವುದಕ್ಕೂ ಒಂದು ಮರ್ಯಾದೆಯಿದೆ.

ಆ ಹಿರಿಯರಿಗೆ ಹೇಳಬೇಕಾದದ್ದು ಇಷ್ಟೇ: ಚಾಚಾ, ಯಾರನ್ನೂ ಬಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ, ಅದು ಅಪರಾಧ. ಬಂಧಿತನ ಕೈಯಲ್ಲಿ ವಕೀಲರಿಗೆ ಕೊಡಲು ಹಣವಿಲ್ಲವೆಂದು ತಿಳಿದರೆ, ಚಿತ್ರದುರ್ಗದ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲೂಕಿನ ಕಾನೂನು ಸೇವೆಗಳ ಸಮಿತಿಗೋ ಒಂದು ಅರ್ಜಿ ಬರೆದು ಕೊಡೋಣ, ನಮ್ಮ ಹೆಸರು ಹಾಕಿ, ಹಗಲು ಹೊತ್ತಿನಲ್ಲಿ. ಸಹಾಯವಾಣಿಯ ಸಂಖ್ಯೆ 15100. ಮಸ್ಜಿದಿನ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಕೆಳಗೆ ಅದನ್ನು ಬರೆಯುವಷ್ಟು ಜಾಗ ಇದ್ದೇ ಇದೆ.