ಬೋರ್ಡಿನಲ್ಲಿ ಆರ್ಕೇಡ್, ನೆತ್ತಿಯ ಮೇಲೆ ಬಿಸಿಲು

ನಾಲ್ಕು ಷಟರ್ ಇಟ್ಟು ಮೇಲೊಂದು ಮಹಡಿ ಎತ್ತಿದರೆ ಸಾಕು, ಬೋರ್ಡಿನಲ್ಲಿ ಯಜಮಾನರ ಹೆಸರು, ಪಕ್ಕದಲ್ಲಿ 'ಆರ್ಕೇಡ್'. ಬೆಂಗಳೂರು, ಮೈಸೂರಿನ ಈ ಖಯಾಲಿ ಈಗ ನಮ್ಮ ಕಡೆಗೂ ಇಳಿದಿದೆ. 'ಹಾಗಂದ್ರೆ ಏನು ಸ್ವಾಮಿ?' ಅಂತ ಕೇಳಿದರೆ, 'ಕಾಂಪ್ಲೆಕ್ಸ್ ಕಣ್ರೀ' ಅಂತಾರೆ. ಅಲ್ಲವೇ ಅಲ್ಲ.

ಲ್ಯಾಟಿನ್ನಿನಲ್ಲಿ 'ಆರ್ಕಸ್' ಎಂದರೆ ಬಿಲ್ಲು. ಬಿಲ್ಲಿನಂತೆ ಬಾಗಿದ ಕಟ್ಟಡಕ್ಕೂ ಅದೇ ಮಾತು. ಅದು ಇಟಲಿ, ಫ್ರಾನ್ಸ್ ಸುತ್ತಿ ಇಂಗ್ಲಿಷಿಗೆ ಬರುವ ಹೊತ್ತಿಗೆ 'ಆರ್ಕೇಡ್' ಆಯಿತು. ಅರ್ಥ, ಕಮಾನುಗಳ ಸಾಲು. ತಮಾಷೆ ನೋಡಿ, ನಮ್ಮ 'ಕಮಾನು' ಫಾರಸಿಯಿಂದ ಬಂದದ್ದು. ಅಲ್ಲೂ ಅರ್ಥ ಬಿಲ್ಲೇ! ಕಮಾನುಗಾಡಿಯಲ್ಲಿ ಜಾತ್ರೆಗೆ ಹೋದ ಹಿರಿಯರನ್ನು ಕೇಳಿ. ಗಾಡಿಗೆ ಬಿದಿರು ಬಾಗಿಸುತ್ತಿದ್ದದ್ದು ಚಂದಕ್ಕಲ್ಲ, ಒಳಗೆ ಕೂತವರ ನೆರಳಿಗೆ.

ಕಮಾನು ಸಾಲಿನ ಕೆಳಗೆ ಜನ ನಡೆದರು. ಜನ ನಡೆದ ಕಡೆ ಅಂಗಡಿ ಬಂತು. ಹೀಗೆ ಸೂರಿನಡಿಯ ಅಂಗಡಿ ಬೀದಿಯೇ ಆರ್ಕೇಡ್ ಆಯಿತು. ಲಂಡನ್ನಿನ ಬರ್ಲಿಂಗ್‌ಟನ್ ಆರ್ಕೇಡ್ 1819ರಲ್ಲಿ ಬಾಗಿಲು ತೆರೆದದ್ದು ಹೀಗೇ. ಆಮೇಲೆ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗೂ, ಹುಡುಗರ ವಿಡಿಯೋ ಗೇಮಿಗೂ ಅದೇ ಹೆಸರು ಅಂಟಿಕೊಂಡಿತು.

ಅಷ್ಟು ದೂರ ಯಾಕೆ? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಬಲ್ಲವರಿಗೆ ಗೊತ್ತು: ಕಮಾನು, ಅದರ ಹಿಂದೆ ಮೊಗಸಾಲೆ, ಒಳಗೆ ಹಳೇ ಪುಸ್ತಕದಂಗಡಿ. ಬೋರ್ಡಿನಲ್ಲಿ 'ಆರ್ಕೇಡ್' ಅಂತ ಇರಲಿಲ್ಲ. ಇದ್ದದ್ದು ಮಾತ್ರ ಆರ್ಕೇಡೇ. ಅದರ ಗತಿಯೂ ಗೊತ್ತು. 2012ರ ಆಗಸ್ಟಿನಲ್ಲಿ ಒಂದು ಭಾಗ ಕುಸಿದು ನಾಲ್ಕು ಜೀವ ಹೋದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ನಿಜವಾದ ಕಮಾನುಗಳು ಉದುರುತ್ತಿರುವಾಗ ಅದರ ಹೆಸರು ಮಾತ್ರ ಊರೂರಿಗೆ ಹಬ್ಬುತ್ತಿದೆ!

ಬದನಗುಪ್ಪೆಯ ಮಾತಿಗೆ ಬರೋಣ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಬಂದಿದೆ. ಕಾರ್ಖಾನೆ ಇದ್ದಲ್ಲಿ ಟೀ ಅಂಗಡಿ, ಅದರ ಪಕ್ಕ ಮಳಿಗೆ ಸಾಲು ಏಳೋದೇ. ಕಟ್ಟುವವರಲ್ಲಿ ಒಂದು ಅರಿಕೆ. ಮೋರಿಯ ಅಂಚಿನವರೆಗೂ ಗೋಡೆ ಎಳೆಯಬೇಡಿ. ಮುಂದೆ ಆರಡಿ ಬಿಟ್ಟು, ಕಂಬ ನಿಲ್ಲಿಸಿ, ಮೇಲೊಂದು ಸೂರು ಹಾಕಿ. ಕಮಾನೇ ಬೇಕೆಂದಿಲ್ಲ, ಶೀಟಾದರೂ ಸರಿ.

'ಆರಡಿ ಬಾಡಿಗೆ ಯಾರು ಕೊಡ್ತಾರೆ?' ಅಂತ ಯಜಮಾನರು ಕೇಳಬಹುದು. ನ್ಯಾಯವೇ. ಆದರೆ ಗಿರಾಕಿಯೇ ಕೊಡ್ತಾನೆ ಸ್ವಾಮಿ. ಮಳೆಗೆ ನಿಂತವನು ಸುಮ್ಮನೆ ನಿಲ್ಲೋದಿಲ್ಲ. ಒಂದು ಬೆಂಕಿಪೊಟ್ಟಣವನ್ನಾದರೂ ಕೊಳ್ಳುತ್ತಾನೆ. ಬಸ್ಸು ತಡವಾದಷ್ಟೂ ನಿಮಗೆ ವ್ಯಾಪಾರ. ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಿಗೆ ನೆರಳು. ಆದರೆ ಒಂದು ಷರತ್ತು: ಆ ಜಾಗಕ್ಕೆ ನಾಳೆ ಮೂಟೆ, ಫ್ರಿಜ್ಜು ತಂದಿಡಬಾರದು. ಪಂಚಾಯ್ತಿಯವರೂ ಲೈಸೆನ್ಸ್ ಕೊಡುವಾಗಲೇ ಇದನ್ನು ನೋಡಲಿ.

ಹಾಗೆ ಕಟ್ಟಿದ ಮೇಲೆ ಬೋರ್ಡಿನಲ್ಲಿ ಏನು ಬೇಕಾದರೂ ಬರೆಸಿ. ಆರ್ಕೇಡ್ ಅನ್ನಿ, ಮೊಗಸಾಲೆ ಅನ್ನಿ. ಕೆಳಗೆ ನಿಂತವನ ತಲೆ ನೆನೆಯದಿದ್ದರೆ ಸರಿ.